ಬಾಗಿಲ ತೂತಿನಿಂದ ಬಂದ ಸೂರ್ಯ

ಅಣ್ಣನ ಮಗಳು ಕೊಪ್ಪಳದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ವಿಜ್ಞಾನ ಅವಳ ವಿಷಯ. ಇಂಟರ್ನ್‌ಶಿಪ್‌ಗೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ ಸಿಕ್ಕಿದೆ. ಹೋಗುವ ಮುಂಚೆ ತನ್ನ ಪಾಠಯೋಜನೆಯ ಪುಸ್ತಕ ತಂದು ನನ್ನ ಮುಂದಿಟ್ಟು, "ಅತ್ತಿ, ಒಮ್ಮೆ ಕಣ್ಣಾಡಸ್ರಿ. ಹುಡುಗರಿಗೆ ಬ್ಯಾಸರ ಆಗಬಾರದು ನೋಡ್ರಿ" ಅಂದಳು. ಬೆಳಕಿನ ಪಾಠ. ಪ್ರೇರಣೆಯ ಹಂತದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಳು: ಪೂರ್ಣ ಸೂರ್ಯಗ್ರಹಣದ ವಿಡಿಯೊ ತೋರಿಸುವುದು, ಐದು ನಿಮಿಷ.

ವಿಡಿಯೊ ಅಮೆರಿಕದ್ದು, 2024ರ ಏಪ್ರಿಲ್ 8ರ ಗ್ರಹಣ. ಮೊಬೈಲಿನಲ್ಲಿ ತೋರಿಸಿದಳು. ಬಯಲಿನಲ್ಲಿ ಜನ ಸೇರಿದ್ದರು, ಕತ್ತಲು ಇಳಿದಾಗ ಕೇಕೆ ಹಾಕಿದರು, ಕೆಲವರು ಅತ್ತರು. ನೋಡಿ ಮುಗಿಸಿ, "ಇಂಥದೇ ನೆರಳು ನೀನು ಪಾಠ ಮಾಡೋ ಊರಿನ ಮ್ಯಾಲೂ ಹಾದು ಹೋಗೇತಿ, ಗೊತ್ತೈತೇನು?" ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಳಬೇಕಾದವರು ಆ ಹೊತ್ತಿಗೆ ಬದುಕಿದ್ದ ನಾವು. ಆದರೆ ನಮ್ಮಲ್ಲೂ ಅದನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು.

1980ರ ಫೆಬ್ರುವರಿ 16. ಶನಿವಾರ, ಮೇಲೆ ಅಮಾವಾಸ್ಯೆ. ಚಂದ್ರನ ಪೂರ್ಣ ನೆರಳು ಅಂಕೋಲಾದ ಕಡೆಯಿಂದ ನೆಲ ಹತ್ತಿ, ಹುಬ್ಬಳ್ಳಿ ಗದಗದ ಸೀಮೆ ದಾಟಿ, ಯಲಬುರ್ಗಾ ಕುಷ್ಟಗಿಗಳ ಮೇಲಿಂದ ರಾಯಚೂರಿನತ್ತ ಹೋಯಿತು. ಕೊಪ್ಪಳ, ಗಂಗಾವತಿ ಕೂಡ ಆ ಪಟ್ಟಿಯ ಒಳಗೇ ಇದ್ದವು. ಆಗ ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿ ನಾಲ್ಕೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಒಂದೇ ಜಾಗಕ್ಕೆ ಪೂರ್ಣ ಸೂರ್ಯಗ್ರಹಣ ಮತ್ತೆ ಬರಬೇಕಾದರೆ ಸರಾಸರಿ 375 ವರ್ಷ ಬೇಕು ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ಹತ್ತಿರದ ಜವಳಗೇರಾದಲ್ಲಿ ದೂರದರ್ಶಕಗಳನ್ನು ಹೂಡಿಕೊಂಡು ಕಾದಿದ್ದರು. ನಮ್ಮ ಊರಿನಿಂದ ಬಸ್ಸಿನಲ್ಲಿ ಹೋದರೆ ಅರ್ಧ ದಿನದ ದಾರಿ. ಅವರು ಬಂದದ್ದು ಯಾತಕ್ಕೆಂದು ನಮ್ಮ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಾನಾಗ ಯಲಬುರ್ಗಾ ಸೀಮೆಯ ಒಂದು ಎರೆ ಹೊಲದ ಊರಿನಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ್ದ ಹುಡುಗಿ. ಆ ದಿನ ಬೆಳಗಿನ ಶಾಲೆ ಬೇಗನೆ ಬಿಟ್ಟಿತು. ಬಾಗಿಲು ಹಾಕಿಕೊಂಡು ಒಳಗೇ ಇರಬೇಕೆಂದು ಡಂಗುರ ಸಾರಿದ ನೆನಪು. ಅವ್ವ ನೀರಿನ ಕೊಡಗಳಿಗೆ, ಉಪ್ಪಿನಕಾಯಿ ಭರಣಿಗೆ ಗರಿಕೆ ಹಾಕಿದಳು. ಬಸುರಿಯಾಗಿದ್ದ ಚಿಕ್ಕಮ್ಮನನ್ನು ಒಳಕೋಣೆಯಲ್ಲಿ ಮಲಗಿಸಿ, ಕೈಕಾಲು ಮಡಿಸಬೇಡ, ಕತ್ತರಿ ಮುಟ್ಟಬೇಡ ಎಂದು ಅಜ್ಜಿ ಕಾವಲು ಕುಂತಳು. ನಡುಮನೆಯಲ್ಲಿ ಹಿತ್ತಾಳೆ ತಾಟಿಗೆ ನೀರು ಹಾಕಿ ಅದರ ನಡುವೆ ಒನಕೆ ನಿಲ್ಲಿಸಿದ್ದರು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ. ಇದು ಎಲ್ಲರೂ ನಂಬಿದ್ದ ಮಾತು.

ನಮ್ಮ ಮಾಳಿಗೆ ಮನೆಯ ದೊಡ್ಡ ಬಾಗಿಲು ಪಡುವಣಕ್ಕೆ. ಅದರ ಹಲಗೆಯಲ್ಲಿ ಎಂದೋ ಮೊಳೆ ಕಿತ್ತುಹೋಗಿ ಉಳಿದ ಒಂದು ತೂತು. ಮಧ್ಯಾಹ್ನ ಹೊರಳಿದ ಮೇಲೆ ಆ ತೂತಿನಿಂದ ಬಿಸಿಲಿನ ಕೋಲು ಒಳಗೆ ಬಂದು ಸಗಣಿ ಸಾರಿಸಿದ ನೆಲದ ಮೇಲೆ ಒಂದು ಬಿಲ್ಲೆ ಮೂಡಿಸುತ್ತಿತ್ತು. ದಿನಾ ನೋಡುತ್ತಿದ್ದ ಬಿಲ್ಲೆ ಅದು. ಆ ದಿನ ಅದರ ಒಂದು ಅಂಚು ಸವೆದಿತ್ತು. ಸುಮ್ಮನೆ ನೋಡುತ್ತಾ ಕುಂತೆ. ಸವೆಯುತ್ತಾ ಸವೆಯುತ್ತಾ ಬಿಲ್ಲೆ ಬಿದಿಗೆಯ ಚಂದ್ರನಾಯಿತು. ಸ್ಲೇಟು ತಂದು ಅಡ್ಡ ಹಿಡಿದೆ, ಸ್ಲೇಟಿನ ಮೇಲೂ ಅದೇ ಆಕಾರ. ಕೈ ಹಿಡಿದೆ, ಅಂಗೈಯಲ್ಲೂ ಅದೇ. ಆಮೇಲೆ ಅದು ನೂಲಿನಷ್ಟು ಸಣ್ಣಗಾಗಿ ಇಲ್ಲವಾಯಿತು. ಒಳಗೆ ಗವ್ವೆನ್ನುವ ಕತ್ತಲೆ, ಹೊರಗೆ ನಾಯಿಗಳ ಊಳು, ಬೇವಿನ ಮರದಲ್ಲಿ ಹಕ್ಕಿಗಳ ಗದ್ದಲ ಎದ್ದು ಒಮ್ಮೆಲೇ ನಿಂತುಹೋದದ್ದು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಆ ಕತ್ತಲೆ ಇತ್ತೆಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಅಂದು ಎಷ್ಟೆಂದು ಹೇಳಲು ಬರುತ್ತಿರಲಿಲ್ಲ. ಮತ್ತೆ ಬಿಲ್ಲೆ ಮೂಡಿದಾಗ ಗೆರೆ ಎದುರು ಬದಿಯಿಂದ ಬೆಳೆಯಿತು. ಇದನ್ನು ಯಾರಿಗೆ ಹೇಳುವುದು? ಅಜ್ಜಿಗೆ ಹೇಳಿದರೆ ಬೆಳಕಿಗೆ ಕೈ ಒಡ್ಡಿದ್ದಕ್ಕೆ ಬೈಗುಳ ಬೀಳುತ್ತಿತ್ತು. ಸುಮ್ಮನಿದ್ದೆ.

ಸೋಮವಾರ ಶಾಲೆಗೆ ಹೋದೆವು. ನಮ್ಮ ವಿಜ್ಞಾನದ ಮೇಷ್ಟ್ರು ಅಂದು ಪುಸ್ತಕ ತೆರೆಯಲಿಲ್ಲ. "ಯಾರ‍್ಯಾರ ಮನ್ಯಾಗ ಒನಕಿ ನಿಲ್ಲಿಸಿದ್ರಿ?" ಎಂದು ಕೇಳಿದರು. ಎಲ್ಲರೂ ಕೈ ಎತ್ತಿದೆವು. "ನಿಂತಿತ್ತೇನು?" ನಿಂತಿತ್ತು. "ಬಿತ್ತೇನು?" ಇಲ್ಲಿ ಗೊಂದಲ ಶುರುವಾಯಿತು. ಕೆಲವರು ತಾನೇ ಬಿತ್ತು ಅಂದರು, ಕೆಲವರು ಅವ್ವ ತೆಗೆದಿಟ್ಟಳು ಅಂದರು, ಇಬ್ಬರು ನೋಡಲಿಲ್ಲ ಅಂದರು. ಮೇಷ್ಟ್ರು ಕರಿಹಲಗೆಯ ಮೇಲೆ ಮೂರು ಗೆರೆ ಎಳೆದು ಲೆಕ್ಕ ಬರೆದರು. ಆಮೇಲೆ ನಾಲ್ವರು ಹುಡುಗರನ್ನು ಹತ್ತಿರದ ಮನೆಗಳಿಗೆ ಓಡಿಸಿ ಒನಕೆ, ತಾಟು, ನೀರು ತರಿಸಿದರು.

ಗ್ರಹಣವಿಲ್ಲದ ಸೋಮವಾರದ ಬಿಸಿಲಿನಲ್ಲಿ ಒನಕೆ ನಿಂತಿತು! ಒಂದು ನಿಂತಿತು, ಇನ್ನೊಂದು ನಿಂತಿತು, ಮೂರನೆಯದು ನಿಲ್ಲಲೊಲ್ಲದು. ಮೇಷ್ಟ್ರು ಅದನ್ನು ತಿರುಗಿಸಿ ಬುಡ ತೋರಿಸಿದರು. ಕಬ್ಬಿಣದ ಬಳೆ ಒಂದು ಕಡೆ ಸವೆದು ಓರೆಯಾಗಿತ್ತು. "ಇದು ಶನಿವಾರ ಯಾರ ಮನ್ಯಾಗಿತ್ತು?" ಎಂದು ಕೇಳಿದರು. ಆ ಮನೆಯ ಹುಡುಗ ತಲೆ ಕೆರೆದುಕೊಂಡು, "ಶನಿವಾರ ಇದನ್ನ ನಿಲ್ಲಿಸಲಿಲ್ರಿ, ಬಾಜು ಮನ್ಯಾಗಿಂದ ತಂದಿದ್ವಿ" ಅಂದ. ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ, ನಮ್ಮ ಮನೆಯವರನ್ನು ಬೈಯಲೂ ಇಲ್ಲ. ಮೂಢನಂಬಿಕೆ ಎನ್ನುವ ಮಾತನ್ನೇ ಅವರು ಆಡಲಿಲ್ಲ. ಬುಡದ ಅಗಲ, ಭಾರದ ನಡುಬಿಂದು, ಅದರಿಂದ ನೇರ ಕೆಳಗಿಳಿದ ಗೆರೆ ಬುಡದ ಒಳಗೇ ಬೀಳಬೇಕು, ಇಷ್ಟು ಹೇಳಿ ಎರಡು ಚಿತ್ರ ಬರೆದರು. ಆ ಒನಕೆಗಳನ್ನು ಸಂಜೆಯ ಗಂಟೆ ಹೊಡೆಯುವ ತನಕ ಮೂಲೆಯಲ್ಲಿ ಹಾಗೇ ನಿಲ್ಲಿಸಿದ್ದರು.

ಮನೆಗೆ ಬಂದು ಅಜ್ಜಿಯ ಮುಂದೆ ಅದನ್ನೇ ಮಾಡಿ ತೋರಿಸಿದೆ. ಬೈಗುಳಕ್ಕೆ ಕಾದಿದ್ದೆ. ಅಜ್ಜಿ ನಿಂತ ಒನಕೆಯನ್ನು ಬಹಳ ಹೊತ್ತು ನೋಡಿ, "ಹಂಗಾರ ಇಷ್ಟು ವರ್ಷ ಗ್ರಾಣ ಇಲ್ಲದ ದಿನ ಯಾರೂ ನಿಲ್ಲಿಸಿ ನೋಡೇ ಇಲ್ಲ" ಅಂದಳು. ನಿಯಂತ್ರಿತ ಪ್ರಯೋಗ ಎಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಮುಂದೆ ಯಾವ ಪುಸ್ತಕದಲ್ಲೂ ಓದಲಿಲ್ಲ.

ಆ ಮೇಷ್ಟ್ರನ್ನು ನೆನೆದಾಗ ಈಗಲೂ ಮನಸ್ಸು ತುಂಬುತ್ತದೆ. ಆದರೆ ಇರುವುದನ್ನು ಇದ್ದ ಹಾಗೆ ಹೇಳಬೇಕು. ವರ್ಷದ ಉಳಿದ ದಿನ ಅವರೂ ಎಲ್ಲರಂತೆ ನೋಟ್ಸ್ ಬರೆಸುತ್ತಿದ್ದರು, ಪರಮಾಣು ಸಂಖ್ಯೆ ಮರೆತರೆ ಹುಣಸೆ ಬರಲಿನ ಏಟು ಕೊಡುತ್ತಿದ್ದರು. ಒನಕೆ ತರಲು ಓಡಿದವರು ಹುಡುಗರು, ಮುಟ್ಟಿ ನಿಲ್ಲಿಸಿದವರೂ ಹುಡುಗರು. ದಿನಾ ಒನಕೆ ಹಿಡಿದು ಕುಟ್ಟುತ್ತಿದ್ದ ಹುಡುಗಿಯರು ಹಿಂದಿನ ಸಾಲಿನಲ್ಲಿ ಕುಂತು ನೋಡಿದೆವು. ಗ್ರಹಣದ ದಿನ ಮೇಷ್ಟ್ರೊಬ್ಬರೇ ಶಾಲೆಯ ಹಿಂದಿನ ಬಯಲಿಗೆ ಹೋಗಿ, ಎಕ್ಸ್‌ರೇ ಹಾಳೆ ಅಡ್ಡ ಹಿಡಿದು ನೋಡಿದರೆಂದು ಆಮೇಲೆ ತಿಳಿಯಿತು. ಎಕ್ಸ್‌ರೇ ಹಾಳೆ ಕಣ್ಣಿಗೆ ಸುರಕ್ಷಿತವಲ್ಲ, ಅವರ ಕಣ್ಣು ಉಳಿದದ್ದು ಪುಣ್ಯ. ಆದರೆ ಅವರು ಒಬ್ಬ ವಿದ್ಯಾರ್ಥಿಯನ್ನೂ ಜೊತೆಗೆ ಕರೆದೊಯ್ಯಲಿಲ್ಲ. ಪಾಲಕರಿಗೆ ಹೆದರಿದ್ದರು. ಊರಿನಲ್ಲಿ ಒಂದು ಮಗುವಿಗೆ ಜ್ವರ ಬಂದಿದ್ದರೂ ಅವರನ್ನೇ ಹಿಡಿಯುತ್ತಿದ್ದರು, ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಅನ್ನಿಸುತ್ತದೆ: ನೆಲಕ್ಕೆ ಬೆನ್ನು ಮಾಡಿ ಆಕಾಶ ನೋಡಬೇಕಿರಲಿಲ್ಲ, ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿ ನೆಲ ನೋಡಿಸಿದ್ದರೂ ಸಾಕಿತ್ತು. ಎಲೆಗಳ ಸಂದಿನಿಂದ ಬಿದ್ದ ಒಂದೊಂದು ಬಿಸಿಲ ಚುಕ್ಕೆಯೂ ಅಂದು ಗ್ರಹಣ ಹಿಡಿದ ಸೂರ್ಯನ ಚಿತ್ರವೇ ಆಗಿತ್ತು. ನನ್ನ ಬಾಗಿಲಿನ ತೂತು ಸೂಜಿರಂಧ್ರ ಕ್ಯಾಮೆರಾ ಎಂದು ನನಗೆ ತಿಳಿದದ್ದು ಪಿ.ಯು.ಸಿ.ಯಲ್ಲಿ. ಅಲ್ಲಿಯ ಉಪನ್ಯಾಸಕರು ಕರಿಹಲಗೆಯ ಮೇಲೆ ಮೇಣದಬತ್ತಿಯ ತಲೆಕೆಳಗಾದ ಚಿತ್ರ ಬರೆದಾಗ ನನಗೆ ನೆಲದ ಮೇಲಿನ ಬಿದಿಗೆ ಚಂದ್ರ ಕಂಡಿತು. ಅಂದು ವಿಜ್ಞಾನವನ್ನೇ ಓದಬೇಕೆಂದು ಗಟ್ಟಿ ಮಾಡಿಕೊಂಡೆ.

ಆ ವರ್ಷಗಳಲ್ಲಿ ಕನ್ನಡದಲ್ಲಿ ವಿಜ್ಞಾನದ ಗಾಳಿ ಬೀಸುತ್ತಿತ್ತು. 'ಬಾಲ ವಿಜ್ಞಾನ' ಪತ್ರಿಕೆ 1978ರಲ್ಲಿ ಶುರುವಾಗಿತ್ತು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಹುಟ್ಟಿತು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದ ಸುದ್ದಿ ನಮ್ಮ ಮೇಷ್ಟ್ರಂಥವರಿಗೆ ಧೈರ್ಯ ಕೊಟ್ಟಿರಬೇಕು. 1987ರಲ್ಲಿ ಭಾರತ ಜನವಿಜ್ಞಾನ ಜಾಥಾ ನಡೆಯಿತು.

ನಾನು ಬಿ.ಎಡ್. ಮಾಡುವಾಗ ನಮಗೆ ಪಾಠ ಹೇಳಿದವರೊಬ್ಬರು ಪ್ರಯೋಗಗಳ ಮೋಡಿಗಾರರಾಗಿದ್ದರು. ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಗ್ಲಿಸರಿನ್ ಹನಿಸಿ ಕಡ್ಡಿ ಗೀರದೆ ಬೆಂಕಿ ಎಬ್ಬಿಸುವರು. ನಾವೂ ಅಭ್ಯಾಸ ಪಾಠಗಳಲ್ಲಿ ಅದನ್ನೇ ಮಾಡಿದೆವು, ಮಕ್ಕಳು ಚಪ್ಪಾಳೆ ತಟ್ಟಿದರು, ಮೇಲ್ವಿಚಾರಕರು 'ಆಕರ್ಷಕ' ಎಂದು ಷರಾ ಬರೆದರು. ಒಂದು ತಿಂಗಳಾದ ಮೇಲೆ ಅದೇ ಮಕ್ಕಳನ್ನು ಕೇಳಿದರೆ ಬೆಂಕಿ ಬಂದದ್ದು ನೆನಪಿತ್ತು, ಯಾಕೆ ಬಂತು ಎಂದು ಯಾರಿಗೂ ನೆನಪಿರಲಿಲ್ಲ, ಕೇಳಬೇಕೆಂದೂ ಅನ್ನಿಸಿರಲಿಲ್ಲ. ಬೆರಗು ಹುಟ್ಟಿಸುವುದು ಸುಲಭ. ಬೆರಗಾದ ಮಗುವಿನ ಕೈಗೆ ತಾನೇ ಮಾಡಿ ನೋಡುವ ಸಾಮಾನು ಕೊಡದಿದ್ದರೆ ಅದು ಜಾತ್ರೆಯ ಆಟವಾಗಿಯೇ ಉಳಿಯುತ್ತದೆ. ಸಸ್ಯದ ಬೇರುಗಳ ಪಾಠಕ್ಕೆ ನಾವು ಡ್ರಾಯಿಂಗ್ ಶೀಟಿನ ಮೇಲೆ ಮೂರು ಬಣ್ಣದಲ್ಲಿ ತಾಯಿಬೇರು, ತಂತುಬೇರು ಬರೆದುಕೊಂಡು ಹೋಗುತ್ತಿದ್ದೆವು. ಶಾಲೆಯ ಬೇಲಿಯಾಚೆ ಹಿಂಗಾರಿನ ಕಡಲೆ, ಬಿಳಿಜೋಳ ಎದೆಯುಬ್ಬಿಸಿ ನಿಂತಿದ್ದವು. ಒಂದೊಂದು ಗಿಡ ಕಿತ್ತು ಬೇರು ತೊಳೆದು ಕೈಗೆ ಕೊಟ್ಟರೆ ಎರಡು ಬಗೆಯ ಬೇರಿನ ಜೊತೆಗೆ ಕಡಲೆಯ ಬೇರಿನ ಗಂಟುಗಳೂ ಕಾಣುತ್ತಿದ್ದವು. ಆ ಗಂಟು ಒಡೆದರೆ ಒಳಗೆ ನಸುಗೆಂಪು. ಅಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಕಡಲೆ ಬೆಳೆದ ಹೊಲಕ್ಕೆ ಮರುವರ್ಷ ಜೋಳ ಹಾಕಿದರೆ ಫಸಲು ಛಲೋ ಬರುತ್ತದೆಂದು ಹೊಲದ ಒಡೆಯನಿಗೆ ಗೊತ್ತಿತ್ತು, ಯಾಕೆಂದು ಅವನ ಮಗನಿಗೆ ತಿಳಿಸಬೇಕಾದದ್ದು ಶಾಲೆ.

ನನ್ನ ಮೊದಲ ನೌಕರಿ ಗಂಗಾವತಿ ಕಡೆ, ಕಾಲುವೆ ನೀರಿನ ಸೀಮೆಯಲ್ಲಿ. ಎರೆ ಹೊಲದಿಂದ ಬಂದವಳಿಗೆ ಅದು ಬೇರೆಯೇ ದೇಶ. ಕಣ್ಣು ಹಾಯುವವರೆಗೆ ಭತ್ತ, ಊರಿಗಿಂತ ದೊಡ್ಡ ವಲಸೆ ರೈತರ ಕ್ಯಾಂಪುಗಳು, ಸೋನಾ ಮಸೂರಿ ಅಕ್ಕಿಯ ಗಿರಣಿಗಳು. ನಾಟಿಯ ದಿನಗಳಲ್ಲಿ ಹುಡುಗಿಯರ ಬೆಂಚು ಖಾಲಿ. ಪ್ರಯೋಗಾಲಯ ಎನ್ನುವುದು ಒಂದು ಬೀಗ ಹಾಕಿದ ಕಪಾಟು. ಒಂದು ಬೀಕರು ಒಡೆದರೂ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದ ಕಾರಣ ಹಿಂದಿನವರು ಕಪಾಟನ್ನೇ ತೆರೆದಿರಲಿಲ್ಲ. ನಾನು ಮಕ್ಕಳಿಗೆ ಮನೆಯಿಂದ ಗಾಜಿನ ಬಾಟಲಿ ತರಲು ಹೇಳಿದೆ.

ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಅದು ಕೆಂಪಗೆ, ರಾಡಿ. ಬಾಟಲಿ ತುಂಬಿಸಿ ಕಿಟಕಿಯಲ್ಲಿಟ್ಟೆವು. ಮೊದಲು ಮರಳು ಕುಂತಿತು, ಆಮೇಲೆ ಮೆಕ್ಕಲು, ಜಿಗುಟು ಮಣ್ಣು ದಿನಗಟ್ಟಲೆ ತೇಲಿತು. ಒಂದು ಬಾಟಲಿಗೆ ಪಟಿಕ ತೇಯ್ದೆವು. ಅದು ಬೇಗ ತಿಳಿಯಾಯಿತು. ಅಡಿಯಲ್ಲಿ ಕುಂತ ಮಣ್ಣನ್ನು ಪಟ್ಟಿಯಿಂದ ಅಳೆದೆವು. ಆಮೇಲೆ ಜಲಾಶಯದ ಮಾತು ಬಂತು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಲ್ಲಿ ಮೊದಲು 133 ಟಿ.ಎಂ.ಸಿ. ನೀರು ನಿಲ್ಲುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ವರ್ಷವರ್ಷವೂ ಹೂಳು ತುಂಬಿ ಈಗ ಅದು ಸುಮಾರು 105ಕ್ಕೆ ಇಳಿದಿದೆ. ಅಪ್ಪನ ಗದ್ದೆಯ ಎರಡನೆಯ ಬೆಳೆ ಬರುತ್ತದೋ ಇಲ್ಲವೋ ಎನ್ನುವುದು ಬಾಟಲಿಯ ಅಡಿಯ ಆ ಮಣ್ಣಿನಲ್ಲಿದೆ ಎಂದು ತಿಳಿದಾಗ ಮಕ್ಕಳ ಮುಖ ಬದಲಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಆ ಕಾಲದ ನನ್ನ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ ಮೊದಲು ಕೇಳಿದ್ದು ಗೇಟಿನ ಮೇಲೆ ನೀರಿನ ಒತ್ತಡ ಎಷ್ಟಿರುತ್ತದೆ ಎಂದು. ಈಗ ಅವನು ಭತ್ತ ಬೆಳೆಯುವ ರೈತ. ಆಳ ಎಷ್ಟೋ ಒತ್ತಡ ಅಷ್ಟು ಎಂಬುದನ್ನು ಮರೆತಿರಲಿಲ್ಲ, ಲೆಕ್ಕ ಮಾತ್ರ ಮರೆತಿದ್ದ. ಇಬ್ಬರೂ ಸೇರಿ ಫೋನಿನಲ್ಲೇ ಲೆಕ್ಕ ಹಾಕಿದೆವು.

ಅಲ್ಲಿಂದ ವರ್ಗವಾಗಿ ಹೋದದ್ದು ಕುಷ್ಟಗಿ ಸೀಮೆಗೆ. ಕಾಲುವೆ ಇಲ್ಲ, ಕೆಂಪು ಮಸಾರಿ ಹೊಲ, ಸಜ್ಜೆ, ಶೇಂಗಾ, ಸುಗ್ಗಿ ಮುಗಿದ ಮೇಲೆ ಗುಳೆ. ಗೋವಾ, ಮಂಗಳೂರು, ಬೆಂಗಳೂರು ಎಂದು ಅಪ್ಪ ಅವ್ವ ಹೊರಟರೆ ಮಕ್ಕಳೂ ಹೊರಟರು. ಅಲ್ಲಿ ಒಬ್ಬ ಹುಡುಗಿ ನಗುವಾಗ ಯಾವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಂದು ದಿನ ಆಮ್ಲ ಪ್ರತ್ಯಾಮ್ಲದ ಪಾಠದ ನಡುವೆ ಎದ್ದು ನಿಂತು, "ಮೇಡಮ್, ಬೂದಿ ಹಚ್ಚಿ ತಿಕ್ಕಿದ್ರೂ ನಮ್ಮ ಹಲ್ಲು ಯಾಕ ಬೆಳ್ಳಗಾಗವಲ್ವು?" ಎಂದು ಕೇಳಿದಳು. ತರಗತಿ ಗಪ್‌ಚಿಪ್ಪಾಯಿತು. ಅರ್ಧಕ್ಕರ್ಧ ಮಕ್ಕಳ ಹಲ್ಲಿನ ಮೇಲೆ ಅದೇ ಕಂದು ಗೆರೆಗಳಿದ್ದವು.

ನಾನು ಪಾಠ ಅಲ್ಲಿಗೇ ನಿಲ್ಲಿಸಿದೆ. ಆ ದಿನದಿಂದ ಕೆಲವು ವಾರ ನಮ್ಮ ರಸಾಯನಶಾಸ್ತ್ರ ಅದೇ ಪ್ರಶ್ನೆಯ ಸುತ್ತ ನಡೆಯಿತು. ಮಕ್ಕಳು ಓಣಿ ಓಣಿ ತಿರುಗಿ ಯಾರ ಮನೆಯಲ್ಲಿ ಯಾವ ನೀರು ಕುಡಿಯುತ್ತಾರೆಂದು ಬರೆದು ತಂದರು. ಎಳೆತನದಲ್ಲಿ ತೆರೆದ ಬಾವಿಯ ನೀರು ಕುಡಿದ ಅಜ್ಜಿಯರ ಉಳಿದ ಹಲ್ಲುಗಳಿಗೆ ಕಲೆ ಇರಲಿಲ್ಲ. ಬೋರ್‌ವೆಲ್ ಬಂದ ಮೇಲೆ ಹುಟ್ಟಿದ ಮೊಮ್ಮಕ್ಕಳ ಹಲ್ಲುಗಳಿಗೆ ಇತ್ತು. ಉತ್ತರದ ದಾರಿ ಮಕ್ಕಳೇ ಹಿಡಿದಿದ್ದರು, ನಾನು ಹೆಸರು ಕೊಟ್ಟೆ: ಫ್ಲೋರೈಡ್. ನಮ್ಮ ನೆಲದಡಿಯ ಕಣಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ, ಆಳದ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಕಲೆ ಕೂರುವುದರಿಂದ ತಿಕ್ಕಿದರೆ ಹೋಗುವುದಿಲ್ಲ. ಹಾಗಾದರೆ ಕುದಿಸಿ ಕುಡಿಯೋಣ ಎಂದ ಒಬ್ಬ. ಉಪ್ಪುನೀರು ಕುದಿಸಿ ತೋರಿಸಿದೆ: ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ, ಫ್ಲೋರೈಡೂ ಹಾಗೆಯೇ, ಕುದಿಸಿದರೆ ಇನ್ನೂ ಗಟ್ಟಿ. ಮಳೆ ನೀರಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆ ಹುಡುಗಿ ಆ ಮಳೆಗಾಲ ಮಾಳಿಗೆಯ ನೀರು ಹಿಡಿದು ತನ್ನ ತಮ್ಮನಿಗೆ ಕುಡಿಸಿದಳು.

ಆ ಕಂದು ಗೆರೆ ಅವಳ ಮನೆತನದ ಕೊಳಕಲ್ಲ, ಅವಳ ತಪ್ಪಲ್ಲ, ಬಂಡೆಯಿಂದ ನೀರಿಗೆ, ನೀರಿನಿಂದ ಹಲ್ಲಿಗೆ ಬಂದದ್ದು ಎಂದು ತಿಳಿದ ಮೇಲೆ ಅವಳು ಬಾಯಿಯಿಂದ ಕೈ ತೆಗೆದಳು. ವಿಜ್ಞಾನ ಕಲಿಸಿ ನಾನು ಕಂಡ ಫಲಗಳಲ್ಲಿ ಇದೇ ದೊಡ್ಡದು. ಅಂದು ಯಾವ ಉಪಕರಣವೂ ನನ್ನ ಬಳಿ ಇರಲಿಲ್ಲ.

ಇದನ್ನೆಲ್ಲ ಅಣ್ಣನ ಮಗಳಿಗೆ ಹೇಳಿದೆ. ಕೇಳಿದಳು, ಆದರೆ ಒಪ್ಪಿ ತಲೆಯಾಡಿಸುವ ಜಾತಿಯವಳಲ್ಲ. "ಅತ್ತಿ, ನೀವು ಹೇಳೂದು ಛಲೋ ಐತಿ. ನಲವತ್ತು ನಿಮಿಷದ ಪಿರಿಯಡ್ಡು, ಮ್ಯಾಲೆ ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳ್ತಾರ. ಓಣಿ ತಿರುಗಿಸಾಕ ಬಿಡ್ತಾರೇನು? ಮತ್ತ ಹೃದಯದ ಕವಾಟ ಹೆಂಗ ತೆರೀತಾವು ಅಂತ ಯಾವ ಹೊಲದಾಗ ತೋರಸ್ಲಿ?" ಅಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಕವಾಟ, ಕೋಶ ವಿಭಜನೆ, ಶನಿಯ ಬಳೆ, ಇವಕ್ಕೆ ವಿಡಿಯೊ ಬೇಕು. ನಮ್ಮ ಕಾಲದಲ್ಲಿ ಅದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ತಕರಾರು ಇಷ್ಟೇ: ಶಾಲೆಯ ಗೇಟಿನಾಚೆ ಇರುವುದನ್ನು ಪರದೆಯ ಮೇಲೆ ತೋರಿಸಬಾರದು. ಎಲ್ಲ ಪಾಠವನ್ನೂ ಹೊರಗೆ ಮಾಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ವರ್ಷದಲ್ಲಿ ಕೆಲವನ್ನಾದರೂ ಪೂರ್ತಿ ಮಕ್ಕಳ ಕೈಗೆ ಬಿಡಬೇಕು. ಮುನಿರಾಬಾದಿನ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿಯೊಂದರಲ್ಲಿ ನಾವು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದ ಬಗ್ಗೆ ಕೇಳಿದ್ದೆವು. 1972ರಲ್ಲಿ ಶುರುವಾಗಿ ಮೂವತ್ತು ವರ್ಷ ನಡೆಯಿತು. ಸರಕಾರಿ ಶಾಲೆಯ ಹಳ್ಳಿ ಮಕ್ಕಳೇ ಗುಂಪು ಗುಂಪಾಗಿ ಪ್ರಯೋಗ ಮಾಡಿ, ತಾವು ಕಂಡದ್ದನ್ನು ಬರೆದು, ವಾದ ಮಾಡಿ ಕಲಿತರು. 2002ರಲ್ಲಿ ಅದನ್ನು ನಿಲ್ಲಿಸಲಾಯಿತು. ಮೂವತ್ತು ವರ್ಷ ನಡೆದದ್ದು ನಮ್ಮಲ್ಲಿ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅವಳು ನನ್ನನ್ನು ಮೀರಿಸಿದ ಒಂದು ಸಂಗತಿ ಹೇಳಬೇಕು. ಕಳೆದ ಚಳಿಗಾಲ ಇಬ್ಬರೂ ಗಂಗಾವತಿ ಸಮೀಪದ ಹಿರೇಬೆಣಕಲ್ ಗುಡ್ಡ ಹತ್ತಿದೆವು. ಕಬ್ಬಿಣ ಯುಗದವರು ಕಲ್ಲು ಚಪ್ಪಡಿಗಳಿಂದ ಕಟ್ಟಿದ ಸಮಾಧಿಗಳು ಅಲ್ಲಿ ನೂರಾರು. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲೊಂದು ನಗಾರಿ ಬಂಡೆ ಇದೆ, ಬಡಿದರೆ ನಗಾರಿಯ ಸದ್ದು ದೂರದವರೆಗೆ ಹೋಗುತ್ತದೆ. ನಾವು ಬಂಡೆಗೆ ಬಡಿಯಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ನೆಲೆಯನ್ನು ಪಾಠದ ಹೆಸರಿನಲ್ಲಿ ಸವೆಸಬಾರದು. ಕೆಳಗಿಳಿದು ಬಂದ ಮೇಲೆ ಅವಳು ಒಬ್ಬ ಹುಡುಗನ ಕೈಗೆ ಹಲಗಿ ಕೊಟ್ಟು ನಿಲ್ಲಿಸಿ, ತಾನು ಹಗ್ಗ ಹಿಡಿದು 170 ಮೀಟರ್ ಅಳೆದು ದೂರ ಹೋಗಿ ಮೊಬೈಲಿನಲ್ಲಿ ವಿಡಿಯೊ ತೆಗೆದಳು. ಆ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ. ಕೋಲು ಹಲಗಿಗೆ ತಾಗಿದ ಚಿತ್ರದಿಂದ ಸದ್ದು ಕೇಳುವ ಚಿತ್ರದವರೆಗೆ ಎಣಿಸಿದಳು. ಸುಮಾರು ಹದಿನೈದು, ಅಂದರೆ ಅರ್ಧ ಸೆಕೆಂಡು. ಸೆಕೆಂಡಿಗೆ 340 ಮೀಟರ್! ಶಬ್ದದ ವೇಗವನ್ನು ನಾನು ಎಷ್ಟೋ ವರ್ಷ ಬಾಯಿಪಾಠ ಮಾಡಿಸಿದ್ದೆ, ಅವಳು ಹೊಲದ ಬದುವಿನಲ್ಲಿ ನಿಂತು ಅಳೆದಳು. ಅದೇ ಮೊಬೈಲು, ಬೇರೆ ಕೆಲಸ. ಅವಳ ಪಾಠಯೋಜನೆಯಲ್ಲಿ ಈಗ ಅಮೆರಿಕದ ವಿಡಿಯೊ ಉಳಿದಿದೆ, ಅದರ ಮುಂಚೆ ತಗಡಿನ ಬಾಗಿಲಿಗೆ ಮೊಳೆಯಿಂದ ತೂತು ಹೊಡೆದು ಸೂರ್ಯನ ಬಿಂಬವನ್ನು ಮಕ್ಕಳ ನೋಟ್‌ಬುಕ್ಕಿನ ಮೇಲೆ ಬೀಳಿಸುವುದು ಸೇರಿದೆ.

ಕೊಪ್ಪಳ ಜಿಲ್ಲೆಯ ವಿಜ್ಞಾನ ಶಿಕ್ಷಕರಲ್ಲಿ, ಆಗಲಿರುವವರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಬೇಡಿಕೆ. ಪೂರ್ಣ ಗ್ರಹಣಕ್ಕೆ ನಮ್ಮ ಮಕ್ಕಳು ಕಾಯಲಾರರು. ಆದರೆ ವರ್ಷಕ್ಕೆರಡು ಸಲ ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ: ಮೇ ತಿಂಗಳ ಮೊದಲ ವಾರ ಒಮ್ಮೆ, ಆಗಸ್ಟ್ 9, 10ರ ಸುಮಾರಿಗೆ ಇನ್ನೊಮ್ಮೆ. ಮೇ ತಿಂಗಳಲ್ಲಿ ರಜೆ. ಆಗಸ್ಟಿನಲ್ಲಿ ಶಾಲೆ ಇರುತ್ತದೆ. ಅಂದು ಊಟದ ಗಂಟೆಯ ಹೊತ್ತಿಗೆ ಮಕ್ಕಳನ್ನು ಬಯಲಿಗೆ ಕರೆತನ್ನಿ, ಒಂದು ಅಡಿಯ ನೆಟ್ಟನೆಯ ಕೋಲು ನಿಲ್ಲಿಸಿ. ಒನಕೆಯಾದರೂ ಆದೀತು, ಹುಡುಗಿಯರೇ ನಿಲ್ಲಿಸಲಿ. ನೆರಳು ಪೂರ್ತಿ ಮಾಯವಾಗುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಯಾಕೆಂದು ಮಕ್ಕಳು ಕೇಳುತ್ತಾರೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ಅನುಸರಿಸುತ್ತದೆ, ಕೊಪ್ಪಳ ಅಲ್ಲಿಂದ ಆರು ಡಿಗ್ರಿಗೂ ಹೆಚ್ಚು ಪಡುವಣಕ್ಕಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಈ ಲೆಕ್ಕ ಅವರೇ ಹಾಕಲಿ, ನೀವು ಬೇಗ ಹೇಳಿಬಿಡಬೇಡಿ. ಮೋಡ ಕವಿದಿದ್ದರೆ ಬೇಸರ ಬೇಡ, ಮರುದಿನ ಮತ್ತೆ ನಿಲ್ಲಿಸಿ. ಒಂದೆರಡು ದಿನ ಹಿಂದೆ ಮುಂದಾದರೂ ಒಂದು ಅಡಿ ಕೋಲಿನ ನೆರಳು ಕೆಲವೇ ಮಿಲಿಮೀಟರು.